ಕಿವಿಗೊಂದು ಪುಟ್ಟ ಆಂಪ್ಲಿಫೈಯರ್ – ಕಟ್ಟಿ, ಅಳೆಯಿರಿ, ಆಮೇಲೆ ಕೇಳಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಲವು ಮನೆಗಳ ಅಟ್ಟದಲ್ಲಿ ಹಳೆಯ ಕ್ಯಾಸೆಟ್ಟುಗಳ ಪೆಟ್ಟಿಗೆಯೊಂದು ಇನ್ನೂ ಉಳಿದಿರುತ್ತದೆ. ಕಾಳಿಂಗ ನಾವಡರ ಭಾಗವತಿಕೆ, 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯಿಂದ ಧ್ವನಿಮುದ್ರಿಸಿಕೊಂಡ ಕಾರ್ಯಕ್ರಮಗಳು, ಮನೆಯ ಹಿರಿಯರ ಮಾತು – ಹೀಗೆ ಏನೇನೋ ಅದರಲ್ಲಿರಬಹುದು. ಇವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಮೊದಲು ಕೇಳಿ ನೋಡೋಣವೆಂದು ಟೇಪ್ ಡೆಕ್ಕಿನ 'ಲೈನ್ ಔಟ್' ತೂತಿಗೆ ಹೆಡ್‌ಫೋನ್ ಸಿಕ್ಕಿಸಿದರೆ ದನಿ ಕ್ಷೀಣವಾಗಿ, ಬಣ್ಣಗೆಟ್ಟು ಕೇಳಿಸುತ್ತದೆ. ಕ್ಯಾಸೆಟ್ ಹಾಳಾಗಿದೆ ಎಂದು ಎಸೆದುಬಿಡುವುದು ಸುಲಭ. ಆದರೆ ದೋಷ ಕ್ಯಾಸೆಟ್ಟಿನದೇ ಆಗಿರಬೇಕಿಲ್ಲ. ಡೆಕ್ಕಿಗೂ ಹೆಡ್‌ಫೋನಿಗೂ ನಡುವೆ ಒಂದು ಪುಟ್ಟ ಮಂಡಲದ ಕೊರತೆ ಇದೆ, ಅಷ್ಟೆ. ಆ ಮಂಡಲವೇ ಹೆಡ್‌ಫೋನ್ ಆಂಪ್ಲಿಫೈಯರ್. ಪದವಿ ವಿದ್ಯಾರ್ಥಿಯೊಬ್ಬ ಎರಡು ಸಂಜೆಗಳಲ್ಲಿ ಇದನ್ನು ಕಟ್ಟಿ, ಪರೀಕ್ಷಿಸಿ ಮುಗಿಸಬಹುದು.

ದನಿ ಏಕೆ ಕುಗ್ಗುತ್ತದೆ?

ಗುಡ್ಡದ ಮೇಲಿನ ತೊಟ್ಟಿಯಿಂದ ಅಡಿಕೆ ತೋಟಕ್ಕೆ ಸಣ್ಣ ಪೈಪಿನಲ್ಲಿ ನೀರು ತಂದಿದ್ದೇವೆ ಎಂದುಕೊಳ್ಳಿ. ನಲ್ಲಿ ಮುಚ್ಚಿದ್ದಾಗ ಅದರ ಬಾಯಲ್ಲಿ ಒತ್ತಡ ಪೂರ್ತಿ ಇರುತ್ತದೆ. ಸ್ಪ್ರಿಂಕ್ಲರಿಗೆ ಬಿಟ್ಟೊಡನೆ ಒತ್ತಡ ಬಿದ್ದುಹೋಗುತ್ತದೆ. ತೊಟ್ಟಿಯ ಎತ್ತರವೇನೂ ಬದಲಾಗಿಲ್ಲ. ಪೈಪು ಸಣ್ಣದಾದ್ದರಿಂದ ನೀರು ಹರಿಯುವಾಗ ಒತ್ತಡ ದಾರಿಯಲ್ಲೇ ಖರ್ಚಾಗುತ್ತದೆ.

ಲೈನ್ ಔಟ್‌ನ ಕಥೆಯೂ ಇದೇ. ಅದರ ಆಂತರಿಕ ರೋಧ ಸಾಮಾನ್ಯವಾಗಿ ನೂರಾರು ಓಮ್‌ಗಳಿಂದ 1 ಕಿಲೋ ಓಮ್‌ವರೆಗೆ ಇರಬಹುದು. ಮತ್ತೊಂದು ಆಂಪ್ಲಿಫೈಯರಿನ 10 ಅಥವಾ 47 ಕಿಲೋ ಓಮ್ ಇನ್‌ಪುಟ್ಟಿಗೆ ಜೋಡಿಸಲೆಂದೇ ಅದನ್ನು ಮಾಡಿದ್ದಾರೆ. ಅಲ್ಲಿಗೆ 32 ಓಮ್‌ನ ಹೆಡ್‌ಫೋನ್ ಜೋಡಿಸಿದರೆ ವಿಭವಾಂತರದಲ್ಲಿ ಹೆಡ್‌ಫೋನಿಗೆ ದಕ್ಕುವುದು 1032ರಲ್ಲಿ 32 ಭಾಗ, ಅಂದರೆ ಸುಮಾರು ಶೇ. 3 ಮಾತ್ರ.

ಬಣ್ಣ ಕೆಡುವುದಕ್ಕೂ ಇದೇ ಕಾರಣ. ಹೆಡ್‌ಫೋನಿನ ಇಂಪೀಡೆನ್ಸ್ ಎಲ್ಲ ಆವೃತ್ತಿಗಳಲ್ಲೂ ಒಂದೇ ಇರುವುದಿಲ್ಲ. 32 ಓಮ್ ಎಂದು ಮುದ್ರಿಸಿರುವ ಹೆಡ್‌ಫೋನೊಂದು ತನ್ನ ಅನುನಾದದ ತಗ್ಗು ಆವೃತ್ತಿಯಲ್ಲಿ 80 ಓಮ್ ತೋರಿಸಬಹುದು. ಆಗ 1 ಕಿಲೋ ಓಮ್ ಆಕರದಿಂದ ಅದಕ್ಕೆ ದಕ್ಕುವ ಪಾಲು ಶೇ. 7.4. ಬೇರೆ ಸ್ವರಗಳಿಗೆ ಹೋಲಿಸಿದರೆ ಆ ತಗ್ಗು ಸ್ವರ 7.6 ಡೆಸಿಬೆಲ್‌ನಷ್ಟು ಉಬ್ಬಿ ಕೇಳುತ್ತದೆ. ಆಕರದ ರೋಧ 4.7 ಓಮ್ ಆಗಿದ್ದರೆ ಇದೇ ಉಬ್ಬು ಕೇವಲ 0.7 ಡೆಸಿಬೆಲ್.

ಆದ್ದರಿಂದ ಹೆಡ್‌ಫೋನ್ ಆಂಪ್ಲಿಫೈಯರಿನ ಮುಖ್ಯ ಕೆಲಸ ವೋಲ್ಟೇಜನ್ನು ಹಿಗ್ಗಿಸುವುದಲ್ಲ. ಹೊರೆ ಬಿದ್ದಾಗಲೂ ಅದು ಕುಸಿಯದಂತೆ ಹಿಡಿದು ನಿಲ್ಲಿಸುವುದು. ಹೆಡ್‌ಫೋನ್ ತೂತಿರುವ ಮೊಬೈಲ್ ಫೋನುಗಳಲ್ಲಿ ಅದರ ಹಿಂದೆ ಇಂಥದೊಂದು ಮಂಡಲ ಈಗಾಗಲೇ ಇರುತ್ತದೆ. ಅವಕ್ಕೆ 32 ಓಮ್ ಹೆಡ್‌ಫೋನ್ ಜೋಡಿಸುವವರಿಗೆ ಇದರ ಅಗತ್ಯವಿಲ್ಲ. ಲೈನ್ ಔಟ್‌ಗೆ, ಮತ್ತು 300 ಓಮ್‌ನಂಥ ಸ್ಟುಡಿಯೋ ಹೆಡ್‌ಫೋನುಗಳಿಗೆ ಇದು ಬೇಕು.

ಮಂಡಲ

ಇಲ್ಲಿ ಬಳಸುವ ಐಸಿ ಎನ್‌ಇ 5532. ಎಂಟು ಕಾಲುಗಳ ಈ ಐಸಿಯಲ್ಲಿ ಎರಡು ಆಪ್-ಆಂಪ್‌ಗಳಿವೆ: ಒಂದು ಎಡಕಿವಿಗೆ, ಒಂದು ಬಲಕಿವಿಗೆ. ಬೆಲೆ ಹೆಚ್ಚಲ್ಲ, ಶಿವಮೊಗ್ಗದ ಬಿಡಿಭಾಗಗಳ ಅಂಗಡಿಯಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ.

ವಿದ್ಯುತ್ತಿಗೆ ಎರಡು 9 ವೋಲ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ. ಅವೆರಡೂ ಕೂಡುವ ಬಿಂದುವೇ ನಮ್ಮ ಗ್ರೌಂಡ್. ಒಂದು ತುದಿ +9 ವೋಲ್ಟ್, ಅದು ಐಸಿಯ 8ನೇ ಕಾಲಿಗೆ. ಇನ್ನೊಂದು ತುದಿ –9 ವೋಲ್ಟ್, ಅದು 4ನೇ ಕಾಲಿಗೆ. ಎರಡು ಬ್ಯಾಟರಿಗಳನ್ನೂ ಒಮ್ಮೆಲೇ ಕಡಿದು ಜೋಡಿಸುವ ಜೋಡಿ ಸ್ವಿಚ್ ಇರಲೇಬೇಕು. ಒಂದೇ ಬ್ಯಾಟರಿ ಜೋಡಣೆಯಾದರೆ ಔಟ್‌ಪುಟ್ ಒಂದು ಕಡೆಗೆ ವಾಲಿ, ಹೆಡ್‌ಫೋನಿನ ಸುರುಳಿಯಲ್ಲಿ ನೇರ ವಿದ್ಯುತ್ ಹರಿದು ಅದು ಕೆಡಬಹುದು. 8 ಮತ್ತು 4ನೇ ಕಾಲುಗಳಿಂದ ಗ್ರೌಂಡಿಗೆ, ಐಸಿಗೆ ಆದಷ್ಟು ಹತ್ತಿರದಲ್ಲಿ, 0.1 ಮೈಕ್ರೋಫ್ಯಾರಡ್‌ನ ಒಂದೊಂದು ಧಾರಕ. ಜೊತೆಗೆ 220 ಮೈಕ್ರೋಫ್ಯಾರಡ್, 25 ವೋಲ್ಟ್‌ನ ಒಂದೊಂದು ಎಲೆಕ್ಟ್ರೋಲಿಟಿಕ್ ಧಾರಕ. ಇವುಗಳ ಧ್ರುವ ತಪ್ಪದಿರಲಿ.

ಎಡಕಿವಿಯ ಮಂಡಲ ಹೀಗಿದೆ. ಸಂಕೇತ ಮೊದಲು 2.2 ಮೈಕ್ರೋಫ್ಯಾರಡ್ ಪಾಲಿಯೆಸ್ಟರ್ ಧಾರಕದ ಮೂಲಕ 10 ಕಿಲೋ ಓಮ್ ವಾಲ್ಯೂಮ್ ಕಂಟ್ರೋಲಿನ ಮೇಲ್ತುದಿಗೆ ಬರುತ್ತದೆ. ಕೆಳತುದಿ ಗ್ರೌಂಡಿಗೆ. ನಡುವಿನ ಕಾಲು ಐಸಿಯ 3ನೇ ಕಾಲಿಗೆ, ಅಂದರೆ ಧನ ಇನ್‌ಪುಟ್ಟಿಗೆ. ಔಟ್‌ಪುಟ್ ಆದ 1ನೇ ಕಾಲಿನಿಂದ 2ನೇ ಕಾಲಿಗೆ 2 ಕಿಲೋ ಓಮ್, 2ನೇ ಕಾಲಿನಿಂದ ಗ್ರೌಂಡಿಗೆ 1 ಕಿಲೋ ಓಮ್. 1ನೇ ಕಾಲಿನಿಂದ 4.7 ಓಮ್ ರೋಧಕದ ಮೂಲಕ ಹೆಡ್‌ಫೋನ್ ಸಾಕೆಟ್ಟಿನ ತುದಿಯ ಸಂಪರ್ಕಕ್ಕೆ. ಬಲಕಿವಿಗೂ ಇದೇ ಜೋಡಣೆ: ಧನ ಇನ್‌ಪುಟ್ 5, ಋಣ ಇನ್‌ಪುಟ್ 6, ಔಟ್‌ಪುಟ್ 7, ಸಾಕೆಟ್ಟಿನ ನಡುವಿನ ಉಂಗುರ. ವಾಲ್ಯೂಮ್ ಕಂಟ್ರೋಲ್ ಒಂದೇ ದಂಡದ ಮೇಲೆ ಎರಡು ಇರುವ 'ಲಾಗ್' ಬಗೆಯದಾಗಿರಲಿ.

ಇದು ಕೆಲಸ ಮಾಡುವ ಬಗೆ ಸರಳ. 2 ಕಿಲೋ ಓಮ್ ಮತ್ತು 1 ಕಿಲೋ ಓಮ್ ರೋಧಕಗಳು ಔಟ್‌ಪುಟ್ಟಿನ ಮೂರನೇ ಒಂದು ಭಾಗವನ್ನು ಋಣ ಇನ್‌ಪುಟ್ಟಿಗೆ ಹಿಂದಿರುಗಿಸುತ್ತವೆ. ಆಪ್-ಆಂಪ್ ಅದನ್ನು ಧನ ಇನ್‌ಪುಟ್ಟಿನೊಡನೆ ಹೋಲಿಸಿ, ಎರಡೂ ಸಮವಾಗುವಂತೆ ಔಟ್‌ಪುಟ್ಟನ್ನು ಸದಾ ತಿದ್ದುತ್ತಿರುತ್ತದೆ. ಹಾಗಾಗಿ ವರ್ಧನೆ 3. ಹೊರೆ ಬಿದ್ದು ಔಟ್‌ಪುಟ್ ಕೊಂಚ ಕುಸಿದರೂ ಈ ತಿದ್ದುಪಡಿ ಕೂಡಲೇ ಅದನ್ನು ಮೇಲೆತ್ತುತ್ತದೆ. ತೋಟದ ಪೈಪಿನಲ್ಲಿ ಇಲ್ಲದ್ದು ಇದೇ. 4.7 ಓಮ್ ರೋಧಕವು ಹೆಡ್‌ಫೋನ್ ತಂತಿಯ ಧಾರಕತೆಯಿಂದ ಐಸಿ ಆಂದೋಲನಕ್ಕೆ ತೊಡಗದಂತೆ ತಡೆಯುತ್ತದೆ.

ಪರೀಕ್ಷೆ: ಹೆಡ್‌ಫೋನ್ ಇನ್ನೂ ದೂರವಿರಲಿ

ಮಂಡಲ ಕಟ್ಟಿದೊಡನೆ ಹೆಡ್‌ಫೋನ್ ಸಿಕ್ಕಿಸಿ ನೋಡುವ ಆಸೆಯಾಗುತ್ತದೆ. ತಾಳಿ. ಪ್ರತಿ ಪರೀಕ್ಷೆಗೆ ಮೊದಲು ಬರಬೇಕಾದ ಬೆಲೆಯನ್ನು ಲೆಕ್ಕಹಾಕಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಅಳೆಯಿರಿ.

ಒಂದು: ಐಸಿಯನ್ನು ಅದರ ಸಾಕೆಟ್ಟಿಗೆ ಕೂರಿಸುವ ಮೊದಲೇ ಸ್ವಿಚ್ ಹಾಕಿ, ಗ್ರೌಂಡಿಗೆ ಹೋಲಿಸಿ 8ನೇ ಕಾಲಿನಲ್ಲಿ +9, 4ನೇ ಕಾಲಿನಲ್ಲಿ –9 ವೋಲ್ಟ್ ಇದೆಯೇ ನೋಡಿ. ಸ್ವಿಚ್ ಆರಿಸಿ ಐಸಿ ಕೂರಿಸಿ.

ಎರಡು: ಇನ್‌ಪುಟ್ಟಿಗೆ ಏನನ್ನೂ ಜೋಡಿಸದೆ, ಮಲ್ಟಿಮೀಟರನ್ನು ಡಿ.ಸಿ. 200 ಮಿಲಿವೋಲ್ಟ್ ವ್ಯಾಪ್ತಿಯಲ್ಲಿಟ್ಟು ಔಟ್‌ಪುಟ್ ಅಳೆಯಿರಿ. ಆದರ್ಶ ಬೆಲೆ ಸೊನ್ನೆ. ಕೆಲವು ಮಿಲಿವೋಲ್ಟ್ ಇದ್ದರೆ ಚಿಂತೆಯಿಲ್ಲ. 50 ಮಿಲಿವೋಲ್ಟ್ ದಾಟಿದರೆ ಬೆಸುಗೆಯಲ್ಲೋ ಜೋಡಣೆಯಲ್ಲೋ ತಪ್ಪಿದೆ, ಹೆಡ್‌ಫೋನ್ ಜೋಡಿಸಕೂಡದು.

ಈ ಹಂತದಲ್ಲಿ ಒಂದು ಸೊಗಸಾದ ಪ್ರಯೋಗವೂ ಅಡಗಿದೆ. ವಾಲ್ಯೂಮ್ ನಾಬನ್ನು ಪೂರ್ತಿ ಕೆಳಗಿಟ್ಟು ಒಮ್ಮೆ, ಪೂರ್ತಿ ಮೇಲಿಟ್ಟು ಒಮ್ಮೆ ಓದಿಕೊಳ್ಳಿ. ಉದಾಹರಣೆಗೆ ಮೊದಲನೆಯದು +1.5, ಎರಡನೆಯದು –4.5 ಮಿಲಿವೋಲ್ಟ್ ಎನ್ನೋಣ. ವ್ಯತ್ಯಾಸ 6 ಮಿಲಿವೋಲ್ಟ್. ಇದನ್ನು ವರ್ಧನೆ 3ರಿಂದ ಭಾಗಿಸಿದರೆ ಇನ್‌ಪುಟ್ಟಿನಲ್ಲಿ 2 ಮಿಲಿವೋಲ್ಟ್. ಐಸಿಯ ಇನ್‌ಪುಟ್ ಟ್ರಾನ್ಸಿಸ್ಟರಿಗೆ ಹರಿಯುವ ಅತಿ ಸಣ್ಣ ಬಯಾಸ್ ಪ್ರವಾಹ 10 ಕಿಲೋ ಓಮ್ ಮೂಲಕ ಹಾದುದರಿಂದ ಈ 2 ಮಿಲಿವೋಲ್ಟ್ ಹುಟ್ಟಿತು. ಅಂದರೆ ಪ್ರವಾಹ 200 ನ್ಯಾನೋಆಂಪಿಯರ್. ತಯಾರಕರು ಕೊಡುವ ವಿಶಿಷ್ಟ ಬೆಲೆಯೂ ಇಷ್ಟೇ. ನಿಮ್ಮ ಐಸಿಯಲ್ಲಿ ಇದು ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ನ್ಯಾನೋಆಂಪಿಯರನ್ನು ನೇರವಾಗಿ ಅಳೆಯಲಾರದ ಅಗ್ಗದ ಮೀಟರಿನಿಂದಲೇ ಅದನ್ನು ಅಳೆದಂತಾಯಿತು.

ಮೂರು: ವರ್ಧನೆ. ಕಂಪ್ಯೂಟರಿನಲ್ಲಿ 'ಆಡಾಸಿಟಿ' ಎಂಬ ಉಚಿತ ತಂತ್ರಾಂಶದಿಂದ 200 ಹರ್ಟ್ಸ್ ಸೈನ್ ಅಲೆ ಹೊರಡಿಸಿ ಇನ್‌ಪುಟ್ಟಿಗೆ ಕೊಡಿ. ಅನೇಕ ಮಲ್ಟಿಮೀಟರುಗಳ ಎ.ಸಿ. ಓದಿಕೆ ಕೆಲವು ನೂರು ಹರ್ಟ್ಸ್ ದಾಟಿದರೆ ನಂಬುವಂತಿರುವುದಿಲ್ಲ. ಅದಕ್ಕೇ 200 ಹರ್ಟ್ಸ್. ಎ.ಸಿ. 2 ವೋಲ್ಟ್ ವ್ಯಾಪ್ತಿಯಿರುವ ಮೀಟರ್ ಬೇಕು. ನಾಬ್ ಪೂರ್ತಿ ಮೇಲಿರುವಾಗ 0.1 ವೋಲ್ಟ್ ಕೊಟ್ಟರೆ 0.3 ವೋಲ್ಟ್ ಬರಬೇಕು.

ನಾಲ್ಕು: ಔಟ್‌ಪುಟ್ ರೋಧ. ಹೆಡ್‌ಫೋನಿನ ಬದಲು 33 ಓಮ್ ರೋಧಕ ಜೋಡಿಸಿ. ಹೊರೆಯಿಲ್ಲದಾಗ ಇದ್ದ 0.300 ವೋಲ್ಟ್ ಈಗ ಸುಮಾರು 0.263ಕ್ಕೆ ಇಳಿಯುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, 1 ಕಳೆದು, 33ರಿಂದ ಗುಣಿಸಿ. ಉತ್ತರ 4.7 ಓಮ್‌ಗೆ ಸಮೀಪವಿರಬೇಕು. ಇದೇ ಕ್ರಮದಲ್ಲಿ ಟೇಪ್ ಡೆಕ್ಕಿನ ಲೈನ್ ಔಟ್ ಅಳೆಯುವುದಾದರೆ 33 ಓಮ್ ಬದಲು 1 ಕಿಲೋ ಓಮ್ ಬಳಸಿ. ಎರಡು ಉತ್ತರಗಳನ್ನು ಅಕ್ಕಪಕ್ಕ ಬರೆದರೆ ಆಂಪ್ಲಿಫೈಯರ್ ಏನು ಮಾಡುತ್ತಿದೆ ಎಂಬುದು ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ.

ಐದು: ಮಿತಿ. ಇದಕ್ಕೆ ಸಿಆರ್‌ಓ ಬೇಕು. ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರ್ ರೂಪಿಸಿದ 'ಎಕ್ಸ್‌ಪ್‌ಐಸ್' ಉಪಕರಣವಿದ್ದರೂ ಸಾಕು. 33 ಓಮ್ ಹೊರೆಯೊಡನೆ ಸಂಕೇತವನ್ನು ಮೆಲ್ಲನೆ ಏರಿಸಿ. ಒಂದು ಹಂತದಲ್ಲಿ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಈ ಐಸಿ ಕೊಡಬಲ್ಲ ಪ್ರವಾಹ ಸುಮಾರು 38 ಮಿಲಿಆಂಪಿಯರ್. 32 ಓಮ್‌ಗೆ ಗುಣಿಸಿದರೆ ನೆತ್ತಿ 1.2 ವೋಲ್ಟ್. ಬ್ಯಾಟರಿಯಲ್ಲಿ 9 ವೋಲ್ಟ್ ಇದ್ದರೂ ಹೆಚ್ಚು ಬರದಿರುವುದು ವೋಲ್ಟೇಜಿನ ಕೊರತೆಯಿಂದಲ್ಲ, ಪ್ರವಾಹದ ಮಿತಿಯಿಂದ. ಯಕ್ಷಗಾನದ ಧ್ವನಿಮುದ್ರಿಕೆಯಲ್ಲಿ ಭಾಗವತರ ಮೆಲುದನಿಯ ನಡುವೆ ಥಟ್ಟನೆ ಬೀಳುವ ಚೆಂಡೆಯ ಪೆಟ್ಟು ಒಡೆದಂತೆ ಕೇಳಿದರೆ, ಎಲ್ಲೋ ಒಂದು ಕಡೆ ನೆತ್ತಿ ಹೀಗೆ ಕತ್ತರಿಸಿಹೋಗಿದೆ ಎಂದರ್ಥ.

ಕಿವಿಯ ಲೆಕ್ಕ

1.2 ವೋಲ್ಟ್ ನೆತ್ತಿಯ ಸೈನ್ ಅಲೆ 32 ಓಮ್‌ನಲ್ಲಿ 23 ಮಿಲಿವ್ಯಾಟ್ ಸಾಮರ್ಥ್ಯ ಕೊಡುತ್ತದೆ. ಟಾರ್ಚಿನ ಬಲ್ಬಿಗೂ ಸಾಲದ ಇಷ್ಟು ಅಲ್ಪ ಸಾಮರ್ಥ್ಯದಿಂದ ಏನಾದೀತು? 1 ಮಿಲಿವ್ಯಾಟಿಗೆ 100 ಡೆಸಿಬೆಲ್ ಕೊಡುವ ಹೆಡ್‌ಫೋನ್ ಸಾಮಾನ್ಯ. ಅದರಲ್ಲಿ 23 ಮಿಲಿವ್ಯಾಟ್ ಎಂದರೆ ಸುಮಾರು 114 ಡೆಸಿಬೆಲ್!

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟಗಳು ಹೊರತಂದ ಮಾನಕದಂತೆ ವಯಸ್ಕರಿಗೆ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ ಮಿತಿ. ಮಕ್ಕಳಿಗೆ 75 ಡೆಸಿಬೆಲ್‌ನಲ್ಲಿ 40 ಗಂಟೆ. ಧ್ವನಿಶಕ್ತಿಯ ಲೆಕ್ಕದಲ್ಲಿ 10 ಡೆಸಿಬೆಲ್ ಏರಿದಾಗಲೆಲ್ಲ ಕಾಲ ಹತ್ತನೇ ಒಂದಕ್ಕೆ ಇಳಿಯುತ್ತದೆ. 90 ಡೆಸಿಬೆಲ್‌ಗೆ 4 ಗಂಟೆ, 100 ಡೆಸಿಬೆಲ್‌ಗೆ 24 ನಿಮಿಷ. 114ಕ್ಕೆ? ಸುಮಾರು ಒಂದು ನಿಮಿಷ. ವಾರವಿಡೀ ಕೇಳಬಹುದಾದಷ್ಟು ಶಬ್ದವನ್ನು ಈ ಪುಟ್ಟ ಪೆಟ್ಟಿಗೆ ಒಂದೇ ನಿಮಿಷದಲ್ಲಿ ಕಿವಿಗೆ ಸುರಿಯಬಲ್ಲದು. ಒಳಕಿವಿಯ ಕೇಶಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಆದ್ದರಿಂದ ಕೊನೆಯ ಅಳತೆ ಇದು. ಮೇಲಿನ ಹೆಡ್‌ಫೋನಿನಲ್ಲಿ 80 ಡೆಸಿಬೆಲ್‌ಗೆ ಬೇಕಾದದ್ದು 0.01 ಮಿಲಿವ್ಯಾಟ್, ಅಂದರೆ 32 ಓಮ್‌ಗೆ 18 ಮಿಲಿವೋಲ್ಟ್ ಮಾತ್ರ. ನೀವು ಬಳಸುವ ಡೆಕ್ಕಿನಲ್ಲಿ ಧ್ವನಿಮುದ್ರಿಕೆಯೊಂದನ್ನು ಹಾಕಿ, ಔಟ್‌ಪುಟ್ಟಿನ ಸರಾಸರಿ ಇದರ ಆಸುಪಾಸಿನಲ್ಲಿ ನಿಲ್ಲುವ ಜಾಗದಲ್ಲಿ ನಾಬಿನ ಪಕ್ಕ ಕೆಂಪು ಬಣ್ಣದ ಚುಕ್ಕೆ ಇಡಿ. ಈ ಗುರುತು ಆ ಡೆಕ್ಕಿಗೆ, ಆ ಹೆಡ್‌ಫೋನಿಗೆ ಮಾತ್ರ ಅನ್ವಯ. ಹೆಡ್‌ಫೋನಿನ ಮಾಹಿತಿ ಚೀಟಿಯಲ್ಲಿರುವ ಡೆಸಿಬೆಲ್ 1 ಮಿಲಿವ್ಯಾಟಿಗೋ 1 ವೋಲ್ಟಿಗೋ ಎಂಬುದನ್ನೂ ಗಮನಿಸಿ. 32 ಓಮ್ ಹೆಡ್‌ಫೋನಿನಲ್ಲಿ ಈ ಎರಡಕ್ಕೂ 15 ಡೆಸಿಬೆಲ್ ಅಂತರವಿದೆ.

ಮಲೆನಾಡಿಗೆ ಕೆಲವು ಸೂಚನೆಗಳು

ಬ್ಯಾಟರಿ ಬದಲು ಅಡಾಪ್ಟರ್ ಆಗದೇ ಎಂದು ಕೇಳಬಹುದು. ಅಗ್ಗದ ಅಡಾಪ್ಟರುಗಳಿಂದ ಗುಂಯ್ ಎಂಬ ಸದ್ದು ಸೇರಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲಿನ ದಿನಗಳಲ್ಲಿ ಮನೆಯ ವಿದ್ಯುತ್ ತಂತಿಗೆ ಜೋಡಿಸಿದ ಉಪಕರಣವನ್ನು ಕಿವಿಗೆ ಹಾಕಿಕೊಳ್ಳುವುದು ಜಾಣತನವಲ್ಲ. ಆ ಹೊತ್ತಿನಲ್ಲಿ ಡೆಕ್ಕಿನ ಪ್ಲಗ್ಗನ್ನೂ ತೆಗೆದಿಡಿ. ಈ ಐಸಿ ಸುಮ್ಮನಿದ್ದಾಗ ಎಳೆಯುವುದು ಸುಮಾರು 8 ಮಿಲಿಆಂಪಿಯರ್. 500 ಮಿಲಿಆಂಪಿಯರ್–ಗಂಟೆಯ ಆಲ್ಕಲೈನ್ ಬ್ಯಾಟರಿ 50 ಗಂಟೆಗಳ ಮೇಲೆ ಬರಬೇಕು. 6 ವೋಲ್ಟಿಗೆ ಇಳಿದಾಗ ಎರಡನ್ನೂ ಒಟ್ಟಿಗೆ ಬದಲಿಸಿ.

ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರಿಗೂ ಹೆಚ್ಚು. ಹೊಸನಗರ ತಾಲ್ಲೂಕಿನ ಘಟ್ಟದಂಚಿನ ಊರುಗಳೂ ಇದಕ್ಕೆ ತೀರಾ ಹಿಂದಿಲ್ಲ. ಮಳೆಗಾಲದ ತೇವಕ್ಕೆ ಬ್ಯಾಟರಿ ಕ್ಲಿಪ್ಪುಗಳಿಗೆ ಕಿಲುಬು ಹಿಡಿಯುತ್ತದೆ, ವಾಲ್ಯೂಮ್ ಕಂಟ್ರೋಲ್ ಚರಚರ ಎನ್ನುತ್ತದೆ. ಬೆಸುಗೆಯ ನಂತರ ಫಲಕದ ಮೇಲುಳಿದ ಫ್ಲಕ್ಸನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದು ಒಣಗಿಸಿ. ಬಳಸದಾಗ ಬ್ಯಾಟರಿ ತೆಗೆದು, ಸಿಲಿಕಾ ಜೆಲ್ ಚೀಲದೊಡನೆ ಡಬ್ಬಿಯಲ್ಲಿಡಿ. ಇನ್‌ಪುಟ್ಟಿನಲ್ಲಿ 1 ಮೆಗಾ ಓಮ್‌ನಂಥ ದೊಡ್ಡ ರೋಧದ ಬದಲು 10 ಕಿಲೋ ಓಮ್ ಆರಿಸಿದ್ದಕ್ಕೆ ಇದೂ ಒಂದು ಕಾರಣ: ತೇವದ ಫಲಕದ ಮೇಲಿನ ಸೋರಿಕೆ ಅದನ್ನು ಅಷ್ಟಾಗಿ ಬಾಧಿಸದು.

ಶಿಕ್ಷಕರಿಗೊಂದು ಮಾತು. ಇದೇ ಮಂಡಲವನ್ನು ನಾಲ್ಕೈದು ವಿದ್ಯಾರ್ಥಿಗಳಿಂದ ಬೇರೆ ಬೇರೆಯಾಗಿ ಕಟ್ಟಿಸಿ. 'ಲೆಕ್ಕದ ಬೆಲೆ', 'ಅಳತೆಯ ಬೆಲೆ' ಎಂಬ ಎರಡು ಕಲಮುಗಳ ಪಟ್ಟಿ ಮಾಡಿಸಿ, ಎರಡನೆಯದನ್ನು ಮುಟ್ಟುವ ಮೊದಲು ಮೊದಲನೆಯದು ತುಂಬಿರಬೇಕೆಂದು ಹೇಳಿ. ಬಯಾಸ್ ಪ್ರವಾಹ ಪ್ರತಿ ಐಸಿಗೂ ಬೇರೆ ಬಂದೀತು, ವರ್ಧನೆ ಎಲ್ಲರಿಗೂ ಹೆಚ್ಚುಕಡಿಮೆ 3 ಬಂದೀತು. ಐಸಿಯ ಗುಣ ಬದಲಾದರೂ ವರ್ಧನೆ ಏಕೆ ಬದಲಾಗಲಿಲ್ಲ ಎಂದು ಅವರನ್ನೇ ಕೇಳಿ. ಎರಡು ರೋಧಕಗಳ ಕಡೆಗೆ ಬೆರಳು ತೋರಿಸಿದ ವಿದ್ಯಾರ್ಥಿಗೆ ಫೀಡ್‌ಬ್ಯಾಕ್ ಪಾಠ ಅರ್ಥವಾಗಿದೆ. ಇನ್ನು ಅವನು ಹೆಡ್‌ಫೋನ್ ಸಿಕ್ಕಿಸಬಹುದು, ನಾಬ್ ಕೆಂಪು ಚುಕ್ಕೆಯ ಕೆಳಗಿದ್ದರೆ.