ಮೀಟರಿನ ಹೊಟ್ಟೆಯೊಳಗಿನ ಲೆಕ್ಕ

ಬೆಳಗಾವಿಯ ಖಡೇಬಜಾರಿನ ಬಟ್ಟೆ ಅಂಗಡಿಯಾಗಲಿ, ಉದ್ಯಮಬಾಗದ ಫೌಂಡ್ರಿಯಾಗಲಿ, ಖಾನಾಪುರದ ಹಂಚಿನ ಕಾರ್ಖಾನೆಯಾಗಲಿ, ವಿದ್ಯುತ್ ಬಿಲ್ಲು ಬಂದೊಡನೆ ಮಾಲೀಕರ ಕಣ್ಣು ಹೋಗುವುದು ಕೊನೆಯ ಸಾಲಿಗೆ. ಮೊತ್ತ ಹೆಚ್ಚಾಗಿದ್ದರೆ ಗೊಣಗಾಟ, ಕಡಿಮೆಯಾಗಿದ್ದರೆ ಸಮಾಧಾನ. ಪರೀಕ್ಷಿಸಬೇಕಾದ ಅಂಕಿಗಳು ಮಾತ್ರ ಮೇಲಿನ ಸಾಲುಗಳಲ್ಲಿ ಇರುತ್ತವೆ: ಹಿಂದಿನ ರೀಡಿಂಗ್, ಈಗಿನ ರೀಡಿಂಗ್, ಗುಣಕ, ಮಂಜೂರಾದ ಲೋಡು, ದರದ ವರ್ಗ. ಹೆಸ್ಕಾಂ ಬಿಲ್ಲಿನಲ್ಲಿ ಎಲ್‌ಟಿ-3 ಎಂದರೆ ವಾಣಿಜ್ಯ, ಎಲ್‌ಟಿ-5 ಎಂದರೆ ಕೈಗಾರಿಕೆ. 2023ರಲ್ಲಿ ಬಂದ ಗೃಹಜ್ಯೋತಿ ಮನೆಗಳಿಗಷ್ಟೇ. ಅಂಗಡಿಯವರು ಪ್ರತಿ ಯೂನಿಟ್ಟಿಗೂ ದುಡ್ಡು ತೆರಬೇಕು.

ಇವುಗಳಲ್ಲಿ ಹೆಚ್ಚು ಜನರಿಗೆ ತಿಳಿಯದಿರುವುದು ಗುಣಕ. ದೊಡ್ಡ ಲೋಡಿನ ಪೂರ್ತಿ ಕರೆಂಟು ಮೀಟರಿನ ಮೂಲಕ ಹಾಯುವುದಿಲ್ಲ. ಕರೆಂಟ್ ಟ್ರಾನ್ಸ್‌ಫಾರ್ಮರ್, ಅಂದರೆ ಸಿ.ಟಿ., ಅದನ್ನು ತಗ್ಗಿಸಿ ಕೊಡುತ್ತದೆ. ಸಿ.ಟಿ. ಮೇಲೆ 100/5 ಎಂದಿದ್ದರೆ 100 ಆಂಪಿಯರ್ ಹರಿದಾಗ ಮೀಟರಿಗೆ ಸಿಗುವುದು 5 ಮಾತ್ರ. ಆದ್ದರಿಂದ ರೀಡಿಂಗನ್ನು 20ರಿಂದ ಗುಣಿಸಬೇಕು. ರೀಡಿಂಗಿನ ವ್ಯತ್ಯಾಸ 310 ಎಂದಿಟ್ಟುಕೊಳ್ಳಿ. ಬಳಕೆ 6,200 ಯೂನಿಟ್. ಗುಣಕವನ್ನು ತಪ್ಪಾಗಿ 40 ಎಂದು ಬರೆದುಬಿಟ್ಟರೆ 12,400! ನಾಲ್ಕನೆಯ ತರಗತಿಯ ಗುಣಾಕಾರವೇ ಸರಿ, ಆದರೆ ಪೆಟ್ಟು ಬೀಳುವುದು ಅಪ್ಪನ ಜೇಬಿಗೆ.

ಇನ್ನೊಂದು ತೊಡಕು ತಿರುಗುಮುರುಗಾದದ್ದು. ಮೂರು ಫೇಸುಗಳ ಪೈಕಿ ಒಂದರ ಸಿ.ಟಿ. ತಂತಿ ಕಳಚಿದರೆ ಮೀಟರು ಸುಮಾರು ಮೂರರಲ್ಲಿ ಎರಡು ಪಾಲನ್ನಷ್ಟೇ ಎಣಿಸುತ್ತದೆ. ಅದು ಪತ್ತೆಯಾದ ದಿನ ಹಿಂಬಾಕಿಯ ಬಿಲ್ಲು ಬರುತ್ತದೆ. ಎಂದಿನಿಂದ ಲೆಕ್ಕ ಹಾಕಬೇಕು? ಮೂರು ತಿಂಗಳೇ, ಒಂದು ವರ್ಷವೇ? ಇಲ್ಲಿ ವಾದಕ್ಕಿಂತ ದಾಖಲೆ ಮೇಲು. ಇಂದಿನ ಸಿ.ಟಿ. ಮೀಟರುಗಳು ಇಂಥ ಘಟನೆಗಳನ್ನು ದಿನಾಂಕ, ಗಂಟೆಯೊಡನೆ ನೆನಪಿನಲ್ಲಿ ಇಟ್ಟುಕೊಳ್ಳುತ್ತವೆ. ಸಾಮಾನ್ಯವಾಗಿ 15 ಅಥವಾ 30 ನಿಮಿಷಕ್ಕೊಮ್ಮೆ ಬಳಕೆಯನ್ನೂ ಬರೆದಿಡುತ್ತವೆ. ಅದಕ್ಕೆ ಲೋಡ್ ಸರ್ವೆ ಎನ್ನುತ್ತಾರೆ. ಮೀಟರಿನ ಮುಖದ ಮೇಲಿರುವ ಬೆಳಕಿನ ಕಿಂಡಿಗೆ ಉಪಕರಣ ಹಿಡಿದು ಸಿಬ್ಬಂದಿ ಅದನ್ನು ಇಳಿಸಿಕೊಳ್ಳುತ್ತಾರೆ.

ಈ ಹಾಳೆ ಕೈಗೆ ಬಂದರೆ ಎಷ್ಟೋ ಗುಟ್ಟು ಬಯಲಾಗುತ್ತದೆ. ರಾತ್ರಿ 9ಕ್ಕೆ ಬಾಗಿಲೆಳೆದ ಅಂಗಡಿ ಬೆಳಗಿನ 9ರ ತನಕ 1 ಕಿಲೊವ್ಯಾಟ್ ಎಳೆಯುತ್ತಿದ್ದರೆ ತಿಂಗಳಿಗೆ 360 ಯೂನಿಟ್ ಹೋಯಿತು. ಆರಿಸದ ಬೋರ್ಡೋ, ತಂತಿಯ ಸೋರಿಕೆಯೋ, ಹುಡುಕಬೇಕಾದದ್ದು ಅಂಗಡಿಯೊಳಗೇ. ಕಣಕುಂಬಿಯ ಕಡೆಯ ಮಳೆಗೆ ಹೆಸರಾದ ಖಾನಾಪುರ ತಾಲೂಕಿನಲ್ಲಿ ಮಳೆಗಾಲದ ಮಾತೇ ಬೇರೆ. ಕರೆಂಟು ಹೋದ ಗಂಟೆಗಳು ಲೋಡ್ ಸರ್ವೆಯಲ್ಲಿ ಖಾಲಿಯಾಗಿ ಕಾಣುತ್ತವೆ. ಯಂತ್ರ ನಿಂತ ತಿಂಗಳಿಗೆ ಸರಾಸರಿ ಬಿಲ್ಲು ಬಂದಿದ್ದರೆ ಅದಕ್ಕಿಂತ ಬಲವಾದ ಉತ್ತರವಿಲ್ಲ.

ಇದನ್ನು ಪಡೆಯುವುದು ಉಪಕಾರ ಬೇಡಿದಂತಲ್ಲ. ಬಳಕೆಯ ವಿವರಗಳು ಗ್ರಾಹಕರಿಗೆ ದೊರೆಯಬೇಕೆಂದು ಕೇಂದ್ರದ 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳೇ ಹೇಳುತ್ತವೆ. ಆರ್.ಆರ್. ನಂಬರು, ಮೀಟರಿನ ಸಂಖ್ಯೆ, ಬೇಕಾದ ಅವಧಿ ಬರೆದು ಉಪವಿಭಾಗದ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ತಡಮಾಡಬಾರದು, ಏಕೆಂದರೆ ಮೀಟರಿನ ನೆನಪು ತುಂಬಿದಂತೆ ಹಳೆಯದು ಅಳಿಸಿಹೋಗುತ್ತದೆ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಿದೆ. ಬಿಲ್ಲಿನ ತಕರಾರಿಗೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ.

ಸಿ.ಟಿ. ಇಲ್ಲದ ಸಣ್ಣ ಅಂಗಡಿಯ ಮೀಟರನ್ನು ಮಕ್ಕಳೇ ಪರೀಕ್ಷಿಸಬಹುದು. ಅದರ ಮೇಲೆ ಯೂನಿಟ್ಟಿಗೆ 3200 ಪಲ್ಸ್ ಎಂದಿದ್ದರೆ, ಎಲ್ಲವನ್ನೂ ಆರಿಸಿ, ಹಿರಿಯರ ಕೈಯಿಂದ 1,000 ವ್ಯಾಟಿನ ನೀರು ಕಾಯಿಸುವ ಕಾಯಿಲ್ ಮಾತ್ರ ಹಾಕಿಸಿ, ಕೆಂಪು ದೀಪದ ಮಿನುಗನ್ನು ಒಂದು ನಿಮಿಷ ಎಣಿಸಬೇಕು. 53ರ ಆಸುಪಾಸು ಬರಬೇಕು. ವೋಲ್ಟೇಜು 230ರಿಂದ 210ಕ್ಕೆ ಇಳಿದಿದ್ದರೆ 44 ಬಂದರೂ ಮೀಟರು ಸರಿಯೇ. 80 ಬಂದರೆ ಇನ್ನೂ ಎರಡು ಸಲ ಎಣಿಸಿ, ವೇಳೆಯೊಡನೆ ಬರೆದಿಟ್ಟು, ಮೀಟರು ಪರೀಕ್ಷೆಯ ಅರ್ಜಿಗೆ ಆ ಹಾಳೆಯನ್ನು ಲಗತ್ತಿಸಬಹುದು.