ಡಿಜೆ ರಾತ್ರಿಗೆ ಅಜ್ಜಿಯೂ ಬರಲಿ

ಡಿಜೆ ಎಂದ ಕೂಡಲೇ ಕಿವಿ ಮುಚ್ಚಿಕೊಳ್ಳುವ ನನ್ನ ವಯಸ್ಸಿನವರಿಗೆ ಮೊದಲು ಒಂದು ಕತೆ ಹೇಳುತ್ತೇನೆ. ಮಕ್ಕಳೂ ಕೇಳಬಹುದು.

ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಬ್ರಾಂಕ್ಸ್ ಎಂಬ ಭಾಗವಿದೆ. 1973ರ ಆಗಸ್ಟ್ 11ರಂದು ಅಲ್ಲಿನ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ತಾನಿದ್ದ ದೊಡ್ಡ ವಠಾರದ ಕೋಣೆಯೊಂದರಲ್ಲಿ ಪಾರ್ಟಿ ಇಟ್ಟಳು. ರಜೆ ಮುಗಿದು ಶಾಲೆ ತೆರೆಯುವ ಹೊತ್ತು. ಹೊಸ ಬಟ್ಟೆಗೆ ದುಡ್ಡು ಬೇಕಿತ್ತು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಟಿಕೆಟ್. ಹಾಡು ಹಾಕುವ ಜವಾಬ್ದಾರಿ 18 ವರ್ಷದ ಅಣ್ಣ ಕ್ಲೈವ್‌ನದು. ಜಗತ್ತು ಅವನನ್ನು ಡಿಜೆ ಕೂಲ್ ಹರ್ಕ್ ಎಂದು ಬಲ್ಲದು. ಹಾಡು ನಿಂತು ಬರೀ ಡ್ರಮ್ಮು ಬಾರಿಸುವ ತುಣುಕು ಬಂದಾಗ ಜನ ಹೆಚ್ಚು ಹುರುಪಿನಿಂದ ಕುಣಿಯುತ್ತಾರೆ ಎಂಬುದನ್ನು ಅವನು ಗಮನಿಸಿದ್ದ. ಆದರೆ ಆ ತುಣುಕು ಕೆಲವೇ ಸೆಕೆಂಡಿನದು. ಅದಕ್ಕೆ ಒಂದೇ ರೆಕಾರ್ಡಿನ ಎರಡು ಪ್ರತಿ ತಂದು, ಎರಡು ಯಂತ್ರಗಳ ಮೇಲಿಟ್ಟು, ಒಂದರಲ್ಲಿ ತುಣುಕು ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಅದನ್ನೇ ಶುರುಮಾಡುವ ಉಪಾಯ ಕಂಡುಕೊಂಡ. ಹಿಪ್‌ಹಾಪ್ ಸಂಗೀತದ ಹುಟ್ಟುಹಬ್ಬವನ್ನು ಈಗಲೂ ಆ ಪಾರ್ಟಿಯ ದಿನದಿಂದಲೇ ಎಣಿಸುತ್ತಾರೆ.

ನಮ್ಮಲ್ಲಿ ಈಗ ಲಾರಿಯ ಮೇಲೆ ಪೇರಿಸಿದ ಸ್ಪೀಕರುಗಳಿಗೇ ಡಿಜೆ ಎನ್ನುತ್ತಾರೆ. ಡಿಜೆ ಎಂದರೆ ಡಿಸ್ಕ್ ಜಾಕಿ. ಎದುರಿಗಿರುವ ಜನರ ಮುಖ ನೋಡಿ, ಮುಂದೆ ಯಾವ ಹಾಡು ಎಂದು ತೀರ್ಮಾನಿಸುವ ಮನುಷ್ಯ. ಈ ವ್ಯತ್ಯಾಸ ಗೊತ್ತಾದರೆ ಅರ್ಧ ಜಗಳ ಮುಗಿದಂತೆ.

ಜಗಳ ಯಾಕೆಂದರೆ, ನಮ್ಮ ಬಡಾವಣೆಯ ರಾಜ್ಯೋತ್ಸವಕ್ಕೆ ಈ ಸಲ ಡಿಜೆ ನೈಟ್ ಬೇಕೆಂದು ಹುಡುಗರು ಪಟ್ಟು ಹಿಡಿದಿದ್ದಾರೆ. ಬೇಡವೆಂದು ಹಿರಿಯರು. ನಿವೃತ್ತ ಗುಮಾಸ್ತ ಎಂಬ ಕಾರಣಕ್ಕೆ ಖರ್ಚಿನ ಪುಸ್ತಕ ನನ್ನ ಕೈಗೆ ಬಂದಿದೆ. ಮೈದಾನದ ಎದುರು ಮನೆಯಲ್ಲಿ ಎರಡು ತಿಂಗಳ ಮಗುವಿದೆ. ನನ್ನ ಹೆಂಡತಿ ಕಿವಿಗೆ ಯಂತ್ರ ಹಾಕಿಕೊಳ್ಳುತ್ತಾಳೆ. ಸದ್ದಿಗೆ ಹೆದರಿ ಮೂರು ವರ್ಷದಿಂದ ಮದುವೆ, ಆರತಕ್ಷತೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಾಳೆ. ಅವಳು ಕೊನೆಯವರೆಗೆ ಕುಳಿತು ನೋಡುವಂಥ ಡಿಜೆ ನೈಟ್ ಮಾಡುವುದಾದರೆ ಹಣಕ್ಕೆ ಸಹಿ ಹಾಕುತ್ತೇನೆ ಎಂದೆ. ಹುಡುಗರು ಒಪ್ಪಿದರು. ಒಂಬತ್ತನೇ ತರಗತಿಯ ಮೊಮ್ಮಗಳನ್ನು ಸಹಾಯಕ್ಕೆ ಕೂರಿಸಿಕೊಂಡು ಲೆಕ್ಕ ಹಾಕಿದೆ.

ಲೆಕ್ಕವನ್ನು ಕೊನೆಯಿಂದ ಶುರುಮಾಡಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ವರ್ಷಕ್ಕೆ 15 ದಿನ ಮೀರದಂತೆ ಕೆಲವು ಹಬ್ಬಗಳಿಗೆ ಮಧ್ಯರಾತ್ರಿವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. ಬಡಾವಣೆಯವರು ಅದನ್ನು ನೆಚ್ಚಿಕೊಂಡು ಕೂರಬಾರದು. ಹಗಲಿನ ಸದ್ದಿಗೂ ಮೊದಲೇ ಲಿಖಿತ ಅನುಮತಿ ಬೇಕು. ನಮ್ಮ ಕೊನೆಯ ಹಾಡು 9.45ಕ್ಕೆ. ಆರಂಭ 7ಕ್ಕೆ. ಇರುವುದು ಎರಡೂಮುಕ್ಕಾಲು ಗಂಟೆ.

ಸಾಮಾನ್ಯವಾಗಿ ಹಿರಿಯರ ಹಾಡುಗಳನ್ನು ಕೊನೆಗೆ ಇಡುತ್ತಾರೆ. ಅಷ್ಟು ಹೊತ್ತಿಗೆ ಹಿರಿಯರು ಮಾತ್ರೆ ನುಂಗಿ ಮಲಗಿರುತ್ತಾರೆ! ಅವರ ಹಾಡೇ ಮೊದಲು ಬರಲಿ. 'ಸಂಪತ್ತಿಗೆ ಸವಾಲ್' (1974) ಚಿತ್ರದಲ್ಲಿ ರಾಜಕುಮಾರ್ ಎಮ್ಮೆಯ ಮೇಲೆ ಕೂತು ಹಾಡುವ ಹಾಡು ಹಾಕಿ ನೋಡಿ, ಕುರ್ಚಿಯಲ್ಲಿದ್ದವರ ಕಾಲು ತಾವಾಗಿ ತಾಳ ಹಾಕುತ್ತವೆ. ಆಮೇಲೆ ಹಂಸಲೇಖರ 'ಪ್ರೇಮಲೋಕ' (1987), ಅದು ಈಗಿನ ಅಪ್ಪ-ಅಮ್ಮಂದಿರ ಕಾಲದ್ದು. ಆಮೇಲೆ 'ಮುಂಗಾರು ಮಳೆ' (2006). ಎಂಟು ಗಂಟೆಯಿಂದ ಒಂಬತ್ತೂಕಾಲರವರೆಗೆ ಹುಡುಗರದ್ದೇ ರಾಜ್ಯ. ಕೊನೆಯ ಅರ್ಧ ಗಂಟೆ ವೇಗ ಇಳಿಸುತ್ತಾ ಬರಬೇಕು.

ವೇಗವನ್ನು ಅಳೆಯುವುದು ಮಕ್ಕಳ ಕೆಲಸ. ಹಾಡು ಕೇಳುತ್ತಾ ಪೆಟ್ಟು ಬಿದ್ದಲ್ಲೆಲ್ಲ ಚಪ್ಪಾಳೆ ತಟ್ಟಿ. 15 ಸೆಕೆಂಡಿನಲ್ಲಿ ಎಷ್ಟಾಯಿತೋ ಅದನ್ನು ನಾಲ್ಕರಿಂದ ಗುಣಿಸಿ. ಸುಮ್ಮನೆ ಕುಳಿತ ದೊಡ್ಡವರ ಎದೆಬಡಿತ ನಿಮಿಷಕ್ಕೆ 60ರಿಂದ 100. ಕುಣಿಸುವ ಹಾಡುಗಳು ಹೆಚ್ಚಾಗಿ 120ರಿಂದ 130. 120ರ ಹಾಡಿನಿಂದ 124ರ ಹಾಡಿಗೆ ಡಿಜೆ ನಯವಾಗಿ ಜಾರಬಲ್ಲ, ಕೇಳುವವರಿಗೆ ಸಂದೇ ತಿಳಿಯುವುದಿಲ್ಲ. 90ರಿಂದ 130ಕ್ಕೆ ಹಾರಿದರೆ ಕುಣಿಯುವವರ ಕಾಲು ತಪ್ಪುತ್ತದೆ. ನನ್ನ ಮೊಮ್ಮಗಳು ಮನೆಮನೆಯಿಂದ ಚೀಟಿಯಲ್ಲಿ ಹಾಡು ಬರೆಸಿಕೊಂಡು ಬಂದು, ಪ್ರತಿಯೊಂದರ ಮುಂದೆ ಈ ಅಂಕಿ ಹಾಕಿ, ಏರಿಕೆಯ ಕ್ರಮದಲ್ಲಿ ಜೋಡಿಸಿದ್ದಾಳೆ. ಲೆಡ್ಜರ್ ಬರೆದ ನನಗೇ ಅಸೂಯೆಯಾಗುವಷ್ಟು ಅಚ್ಚುಕಟ್ಟು.

ಇನ್ನು ಸದ್ದು. ಇದರಲ್ಲಿ ನಾನು ಜಿಪುಣ. ಸದ್ದನ್ನು ಅಳೆಯುವುದು ಡೆಸಿಬೆಲ್‌ನಲ್ಲಿ. ನಾವು ಮಾತಾಡುವ ಸದ್ದು ಸುಮಾರು 60. ಡೆಸಿಬೆಲ್ 10 ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟು ಏರುತ್ತದೆ. ಚಕ್ರಬಡ್ಡಿಯ ಹಾಗೆ, ಅಂಕಿ ಸಣ್ಣದು, ಏಟು ದೊಡ್ಡದು. ಕೆಲಸದ ಜಾಗಗಳಿಗೆಂದು ತಜ್ಞರು ಹಾಕಿಕೊಟ್ಟ ಲೆಕ್ಕ ಹೀಗಿದೆ: 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಮುಂದೆ 3 ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧಕ್ಕಿಳಿಯುತ್ತದೆ. 94ಕ್ಕೆ ಒಂದು ಗಂಟೆ, 100ಕ್ಕೆ ಹದಿನೈದೇ ನಿಮಿಷ. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಕೂದಲಿನಂಥ ಕೋಶಗಳು ಹುಟ್ಟುವಾಗ ಒಂದೊಂದು ಕಿವಿಗೆ ಸುಮಾರು ಹದಿನೈದು ಸಾವಿರ ಇರುತ್ತವೆ. ಸತ್ತ ಕೋಶ ಮತ್ತೆ ಬೆಳೆಯುವುದಿಲ್ಲ. ಬರೀ ತೆಗೆಯಬಹುದಾದ, ಕಟ್ಟಲಾಗದ ಖಾತೆ ಇದು. ಮಕ್ಕಳಿಗೂ ಅದೇ ಖಾತೆ. ಅವರು ಇನ್ನೂ ಎಪ್ಪತ್ತು ವರ್ಷ ಅದರಲ್ಲೇ ನಡೆಸಬೇಕು.

ಹಾಗೆಂದು ಸದ್ದೇ ಇಲ್ಲದೆ ಕುಣಿತವಿಲ್ಲವಲ್ಲ. ಇಲ್ಲಿ ದೂರ ನಮ್ಮ ನೆರವಿಗೆ ಬರುತ್ತದೆ. ಬಯಲಿನಲ್ಲಿ ಸ್ಪೀಕರಿನಿಂದ ದೂರ ಎರಡು ಪಟ್ಟಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರ್ ದೂರದಲ್ಲಿ 100 ಇದ್ದದ್ದು 4 ಮೀಟರಿಗೆ 88, 16 ಮೀಟರಿಗೆ 76. ಚಿಕ್ಕ ಮಕ್ಕಳು ಸ್ಪೀಕರಿಗೆ ಮುಖವಿಟ್ಟೇ ಕುಣಿಯುತ್ತವೆ. ಅದಕ್ಕೆ ಸ್ಪೀಕರಿನಿಂದ 4 ಮೀಟರಿಗೆ ಸುಣ್ಣದ ಗೆರೆ ಎಳೆದು, ಒಳಗೆ ಯಾರೂ ಬರದಂತೆ ಹಗ್ಗ ಕಟ್ಟುತ್ತೇವೆ. ಎರಡು ದೈತ್ಯ ಸ್ಪೀಕರುಗಳ ಬದಲು ನಾಲ್ಕು ಚಿಕ್ಕವು ಇರಲಿ, ತಲೆಗಿಂತ ಎತ್ತರದ ಸ್ಟ್ಯಾಂಡಿನ ಮೇಲೆ, ಮುಖ ಜನರ ಕಡೆಗೆ ತುಸು ಬಾಗಿಸಿ. ಆಗ ಮುಂದಿನ ಸಾಲಿನವರ ಕಿವಿ ಸಿಡಿಯದೆ ಹಿಂದಿನ ಸಾಲಿಗೂ ಕೇಳುತ್ತದೆ. ಎದೆ ಗುದ್ದುವ, ಕಿಟಕಿಯ ಗಾಜು ನಡುಗಿಸುವ ಸದ್ದು ಬರುವುದು ಬಾಸ್ ಪೆಟ್ಟಿಗೆಯಿಂದ. ದಪ್ಪ ಸದ್ದು ಗೋಡೆ ದಾಟಿ ಹೋಗುವುದರಲ್ಲಿ ನಿಸ್ಸೀಮ. ಅದನ್ನು ಮೂಲೆಯಲ್ಲಿಟ್ಟರೆ ಗೋಡೆಗಳೂ ಸೇರಿಕೊಂಡು ಗುಡುಗುತ್ತವೆ. ಎರಡು ತಿಂಗಳ ಮಗುವಿನ ಮನೆಯಿಂದ ದೂರದ ಕಡೆ, ಮೂಲೆ ಬಿಟ್ಟು, ಒಂದೇ ಒಂದು ಪೆಟ್ಟಿಗೆ ಎಂದು ಬರೆದುಕೊಂಡಿದ್ದೇನೆ.

ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬೆಲ್. ಧ್ವನಿವರ್ಧಕ ಇಟ್ಟ ಜಾಗದ ಗಡಿಯಲ್ಲಿ ಅದಕ್ಕಿಂತ 10 ಹೆಚ್ಚು, ಅಂದರೆ 65ರವರೆಗೆ ಮಾತ್ರ ಅವಕಾಶ. ಮೊಮ್ಮಗಳ ಅಪ್ಪನ ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಇದೆ. ಅದು ಅಂದಾಜಿನ ಅಳತೆಯೇ, ಆದರೂ ಅರ್ಧ ಗಂಟೆಗೊಮ್ಮೆ ಬೇಲಿಯ ಬಳಿ ನಿಂತು ಅಂಕಿ ಬರೆದು ಡಿಜೆಗೆ ಚೀಟಿ ಕೊಡುವುದು ಅವಳ ಪಾಲಿನ ಕೆಲಸ.

ಒಂದು ಮಾತು ಹುಡುಗರಿಗೆ ಗೊತ್ತಿರುವುದಿಲ್ಲ. ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದು ತೆಳುವಾದ, ಎತ್ತರದ ಸ್ವರಗಳನ್ನು. ಗದ್ದಲದಲ್ಲಿ ಅವರಿಗೆ ಸದ್ದು ಕೇಳುತ್ತದೆ, ಮಾತು ಅರ್ಥವಾಗುವುದಿಲ್ಲ. ಆದ್ದರಿಂದ ಘೋಷಣೆ ಮಾಡುವಾಗ ಹಾಡನ್ನು ಪೂರ್ತಿ ನಿಲ್ಲಿಸಬೇಕು. ಮೈದಾನದ ಆ ತುದಿಯಲ್ಲಿ, ಸ್ಪೀಕರಿಗೆ ಬೆನ್ನಾದ ಕಡೆ, ಇಪ್ಪತ್ತು ಕುರ್ಚಿ ಹಾಕಿ ಕಾಫಿ ಇಟ್ಟರೆ ಹಿರಿಯರು ಹರಟೆ ಹೊಡೆಯುತ್ತಾ ಕೂರುತ್ತಾರೆ, ತಮ್ಮ ಹಾಡು ಬಂದಾಗ ಎದ್ದು ಬರುತ್ತಾರೆ.

ಬೆಳಕಿನ ವಿಷಯ ಹೆಚ್ಚು ಮೋಜಿನದು. ಮಕ್ಕಳೇ, ಕೆಂಪು ಮತ್ತು ಹಸಿರು ಬಣ್ಣ ಕಲಸಿದರೆ ಕಾಗದದ ಮೇಲೆ ಕೆಸರಿನ ಬಣ್ಣ ಬರುತ್ತದೆ. ಎರಡು ಟಾರ್ಚಿಗೆ ಕೆಂಪು, ಹಸಿರು ಜಿಲೆಟಿನ್ ಕಾಗದ ಸುತ್ತಿ ಗೋಡೆಯ ಮೇಲೆ ಒಂದೇ ಕಡೆ ಬಿಡಿ: ಹಳದಿ! ನೀಲಿಯೂ ಸೇರಿದರೆ ಬಿಳಿ. ಎಲ್‌ಇಡಿ ಪಾರ್ ಲೈಟುಗಳು ಈ ಮೂರೇ ಬಣ್ಣಗಳಿಂದ ಉಳಿದೆಲ್ಲವನ್ನೂ ಮಾಡುತ್ತವೆ. ಹಾಗಾಗಿ ಹಳದಿ-ಕೆಂಪು ಬಾವುಟದ ಬಣ್ಣಕ್ಕೆ ಬೇರೆ ದೀಪ ಬಾಡಿಗೆಗೆ ತರಬೇಕಿಲ್ಲ. ದೀಪ ಜನರ ಕಣ್ಣಿಗೆ ಬೇಡ, ವೇದಿಕೆಯ ಹಿಂದಿನ ಪರದೆಗೂ ಮೈದಾನದ ಮರಗಳಿಗೂ ಬೀಳಲಿ. ಕೆಳಗಿನಿಂದ ಬೆಳಕು ಬಿದ್ದ ಹೊಂಗೆ ಮರವನ್ನು ಒಮ್ಮೆ ನೋಡಿದವರು ಸೀರಿಯಲ್ ಸೆಟ್ ಕೇಳುವುದಿಲ್ಲ.

ಪಟಪಟನೆ ಮಿಂಚುವ ಸ್ಟ್ರೋಬ್ ದೀಪ ಮಾತ್ರ ಬೇಡ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು-ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಸಲ ಮಿಂಚಿತು. ನೋಡುತ್ತಿದ್ದ 600ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಬೇಕಾಯಿತು; ಹೆಚ್ಚಿನವರು ಮಕ್ಕಳು. ಸೆಕೆಂಡಿಗೆ 3ರಿಂದ 30 ಸಲ ಮಿಂಚುವ ಬೆಳಕು ಕೆಲವರಲ್ಲಿ ಫಿಟ್ಸ್ ತರಬಲ್ಲದು, ಯಾರಲ್ಲಿ ಎಂದು ಮೊದಲೇ ತಿಳಿಯುವುದಿಲ್ಲ. ಲೇಸರ್ ಮುಖದ ಮಟ್ಟಕ್ಕೆ ಬೇಡ. ಹೊಗೆಯ ಯಂತ್ರ ಉಬ್ಬಸದವರಿಗೆ ಆಗದು. ಅದನ್ನೂ ಪಟ್ಟಿಯಿಂದ ಹೊಡೆದು ಹಾಕಿದೆ, ಬಾಡಿಗೆಯೂ ಉಳಿಯಿತು.

ಅರವತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಭಾಗ. ಕುಣಿಯುವ ಜಾಗ ಎಷ್ಟೇ ಮಬ್ಬಾಗಿರಲಿ, ಗೇಟಿನಿಂದ ಕುರ್ಚಿಯವರೆಗೆ, ಮೆಟ್ಟಿಲಿನಲ್ಲಿ, ಶೌಚಾಲಯದ ದಾರಿಯಲ್ಲಿ ಬಿಳಿ ದೀಪ ಒಂದೇ ಸಮನೆ ಉರಿಯುತ್ತಿರಬೇಕು.

ಕೊನೆಗೆ ಕರೆಂಟು. 16 ಆಂಪಿಯರ್ ಸಾಕೆಟ್ಟಿನಿಂದ 230 ವೋಲ್ಟಿನಲ್ಲಿ ಸಿಗುವುದು ಹೆಚ್ಚೆಂದರೆ 3,680 ವಾಟ್. ಹಳೆಯ ಕಾಲದ ಸಾವಿರ ವಾಟಿನ ಎಂಟು ದೀಪ ಹಾಕಿದರೆ 8,000. ಫ್ಯೂಸು ಹೋಗಿ ಕತ್ತಲೆ. 150 ವಾಟಿನ ಎಂಟು ಎಲ್‌ಇಡಿಗೆ 1,200 ಸಾಕು. ಸದ್ದಿಗೂ ದೀಪಕ್ಕೂ ಬೇರೆ ಬೇರೆ ಲೈನ್ ಇರಲಿ, ಇಲ್ಲದಿದ್ದರೆ ದೀಪ ಮಬ್ಬಾದಾಗ ಸ್ಪೀಕರ್ ಗುಂಯ್ ಎನ್ನಬಹುದು. ನವೆಂಬರ್ ರಾತ್ರಿ ಹುಲ್ಲಿನ ಮೇಲೆ ಇಬ್ಬನಿ ಬೀಳುತ್ತದೆ, ಮಕ್ಕಳು ಚಪ್ಪಲಿ ಬಿಟ್ಟು ಕುಣಿಯುತ್ತವೆ. ವೈರುಗಳು ನೆಲದ ಮೇಲೆ ಹಾದುಹೋಗಬಾರದು. ಅರ್ತಿಂಗ್ ಮತ್ತು 30 ಮಿಲಿ ಆಂಪಿಯರಿಗೇ ಕರೆಂಟು ಕಡಿಯುವ ಆರ್‌ಸಿಸಿಬಿ ಸ್ವಿಚ್ಚು ಇಲ್ಲದೆ ಎಲೆಕ್ಟ್ರಿಷಿಯನ್‌ಗೆ ಹಣ ಕೊಡುವುದಿಲ್ಲ ಎಂದು ಹೇಳಿದ್ದೇನೆ. ಹಿಂದಿನ ದಿನ ಸಂಜೆ ಏಳಕ್ಕೇ ಎಲ್ಲವನ್ನೂ ಹಚ್ಚಿ ಹತ್ತು ನಿಮಿಷ ಪರೀಕ್ಷೆ. ಆಗ ಮಗುವಿನ ತಾಯಿ ತಮ್ಮ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತು ನಮಗೆ ಫೋನ್ ಮಾಡುತ್ತಾರೆ. ಅವರು ಸಾಕು ಎಂದಲ್ಲಿ ಗುಂಡಿಯ ಪಕ್ಕ ಸೀಮೆಸುಣ್ಣದಲ್ಲಿ ಗೀಟು ಎಳೆಯುವುದು.