ಮಗು ಜೊತೆಗಿದ್ದರೆ ಮಾತ್ರ ಪ್ರವೇಶ!

ಲಂಡನ್ನಿನಲ್ಲಿರುವ ಮಗಳ ಮನೆಗೆ ಹೊರಡುವ ಮೊದಲೇ, ನೋಡಬೇಕಾದ ಜಾಗಗಳ ಪಟ್ಟಿಯನ್ನು ಶ್ರೀರಂಗಪಟ್ಟಣದಲ್ಲೇ ಬರೆದಿಟ್ಟುಕೊಂಡಿದ್ದೆ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಪಟ್ಟಿ ಇಲ್ಲದೆ ಸಂತೆಗೂ ಹೋದವಳಲ್ಲ. ಅದರಲ್ಲಿ ಬ್ಲೂಮ್ಸ್‌ಬರಿ ಎಂಬ ಬಡಾವಣೆಯ ಹೆಸರಿನ ಮುಂದೆ ಎರಡೇ ಪದಗಳಿದ್ದವು: ಬ್ರಿಟಿಷ್ ಮ್ಯೂಸಿಯಂ. ಲಂಡನ್ನಿಗೆ ಬಂದವರೆಲ್ಲ ಅಲ್ಲಿಗೆ ಹೋಗುತ್ತಾರೆ, ಈಜಿಪ್ಟಿನ ಮಮ್ಮಿಗಳನ್ನು ನೋಡುತ್ತಾರೆ, ಹಾಗೇ ವಾಪಸಾಗುತ್ತಾರೆ. ನಾನೂ ಅದನ್ನೇ ಮಾಡುತ್ತಿದ್ದೆನೇನೋ. ಆದರೆ ಒಂಬತ್ತು ವರ್ಷದ ಮೊಮ್ಮಗ ಬಿಡಲಿಲ್ಲ.

"ಮ್ಯೂಸಿಯಂ ಆಮೇಲೆ ಅಜ್ಜಿ. ಮೊದಲು ನನ್ನ ಪಾರ್ಕು" ಎಂದು ರಸೆಲ್ ಸ್ಕ್ವೇರ್ ನಿಲ್ದಾಣದಲ್ಲಿ ರೈಲು ಇಳಿದವನೇ ನನ್ನ ಕೈ ಹಿಡಿದು ಎಳೆದ. ಐದಾರು ನಿಮಿಷ ನಡೆದರೆ ಗಿಲ್ಫರ್ಡ್ ರಸ್ತೆಯಲ್ಲಿ ಕೋರಮ್ಸ್ ಫೀಲ್ಡ್ಸ್ ಎಂಬ ಏಳು ಎಕರೆಯ ಆಟದ ಬಯಲು. ಗೇಟಿನ ಫಲಕ ಓದಿ ನನಗೆ ನಗು ಬಂತು. ಮಗು ಜೊತೆಗಿಲ್ಲದ ದೊಡ್ಡವರಿಗೆ ಅಲ್ಲಿ ಪ್ರವೇಶವಿಲ್ಲ!

"ಇಲ್ಲಿ ನಾನೇ ನಿನ್ನ ಟಿಕೆಟ್ಟು" ಎಂದು ಪುಟ್ಟ ಎದೆಯುಬ್ಬಿಸಿ ನಡೆದ. ಅವನ ಹಿಂದೆ ನಾನು ಒಳಗೆ ಹೋದೆ. ಆ ಇಡೀ ದಿನ ಹಾಗೆಯೇ ಕಳೆಯಿತು. ಬ್ಲೂಮ್ಸ್‌ಬರಿಯ ಒಂದೊಂದು ಬಾಗಿಲನ್ನೂ ನನಗೆ ಆ ಹುಡುಗನೇ ತೆರೆದ.

ಕಪ್ತಾನನ ಹದಿನೇಳು ವರ್ಷ

ಈ ಬಯಲಿಗೆ ಹೆಸರು ಕೊಟ್ಟ ಥಾಮಸ್ ಕೋರಮ್ ಒಬ್ಬ ಹಡಗಿನ ಕಪ್ತಾನ. ಅಮೆರಿಕದಲ್ಲಿ ಹಡಗು ಕಟ್ಟಿಸಿ, ವ್ಯಾಪಾರ ಮಾಡಿ ಊರಿಗೆ ಮರಳಿದವನು ಲಂಡನ್ನಿನ ಬೀದಿಗಳಲ್ಲಿ ಕಂಡದ್ದು ರಸ್ತೆಬದಿಯಲ್ಲಿ ಬಿಟ್ಟುಹೋದ ಹಸುಗೂಸುಗಳನ್ನು. ಕೆಲವಕ್ಕೆ ಜೀವವಿತ್ತು, ಕೆಲವಕ್ಕೆ ಇರಲಿಲ್ಲ. ಬಡತನಕ್ಕೋ ಅವಮಾನಕ್ಕೋ ಹೆದರಿದ ತಾಯಂದಿರು ಬೇರೆ ದಾರಿ ಕಾಣದೆ ಹಾಗೆ ಬಿಟ್ಟು ಹೋಗುತ್ತಿದ್ದರು. ಇವಕ್ಕೊಂದು ಮನೆ ಬೇಕು ಎಂದು ಕೋರಮ್ ದೊಡ್ಡವರ ಮನೆಬಾಗಿಲು ತಟ್ಟಿದ. ಒಂದೆರಡು ವರ್ಷವಲ್ಲ, ಹದಿನೇಳು ವರ್ಷ! ಕೊನೆಗೆ 1739ರಲ್ಲಿ ದೊರೆ ಎರಡನೇ ಜಾರ್ಜ್ ಅನುಮತಿ ಪತ್ರ ಕೊಟ್ಟ. ಎರಡು ವರ್ಷಗಳ ನಂತರ ಮೊದಲ ಮಕ್ಕಳು ಬಂದರು. ಹೆಸರು ಫೌಂಡ್ಲಿಂಗ್ ಆಸ್ಪತ್ರೆ ಎಂದಿದ್ದರೂ ಅದು ಅನಾಥಾಲಯ. ಚಿತ್ರಕಾರ ಹೊಗಾರ್ತ್ ಅಲ್ಲಿಗೆ ಚಿತ್ರಗಳನ್ನು ಕೊಟ್ಟ. ಸಂಗೀತಗಾರ ಹ್ಯಾಂಡೆಲ್ ಅಲ್ಲಿ ಕಛೇರಿಗಳನ್ನು ನಡೆಸಿ ಹಣ ಕೂಡಿಸಿದ.

ಬಯಲಿನ ಪಕ್ಕದಲ್ಲೇ, ಬ್ರನ್ಸ್‌ವಿಕ್ ಸ್ಕ್ವೇರಿನಲ್ಲಿ, ಆ ಅನಾಥಾಲಯದ ಕಥೆ ಹೇಳುವ ಫೌಂಡ್ಲಿಂಗ್ ಮ್ಯೂಸಿಯಂ ಇದೆ. ಅಲ್ಲಿ ತಿಳಿದ ಒಂದು ಸಂಗತಿಯಿಂದ ಪುಟ್ಟ ಮೊದಲ ಬಾರಿ ಸುಮ್ಮನಾದ. ಬರುವ ಮಕ್ಕಳು ಹೆಚ್ಚು, ಜಾಗ ಕಡಿಮೆ. ಹಾಗಾಗಿ ತಾಯಂದಿರು ಸಾಲಾಗಿ ಬಂದು ಚೀಲದೊಳಗೆ ಕೈಹಾಕಿ ಒಂದು ಗೋಲಿ ತೆಗೆಯಬೇಕಿತ್ತು. ಬಿಳಿ ಬಂದರೆ, ಮಗುವಿಗೆ ಕಾಯಿಲೆಯಿಲ್ಲ ಎಂದಾದರೆ, ಒಳಗೆ. ಕೆಂಪು ಬಂದರೆ ಕಾಯಬೇಕು. ಕಪ್ಪು ಬಂದರೆ ಮಗುವನ್ನು ಎತ್ತಿಕೊಂಡು ಬಂದ ದಾರಿಯಲ್ಲೇ ಹಿಂದಿರುಗಬೇಕು.

"ಲಾಟರಿನಾ ಅಜ್ಜಿ?"

"ಹೂಂ. ಲಾಟರಿನೇ."

"ಕಪ್ಪು ಬಂದವರು ಎಲ್ಲಿಗೆ ಹೋದರು?"

ಶಾಲೆಯಲ್ಲಾಗಿದ್ದರೆ 'ಮುಂದಿನ ಪಾಠದಲ್ಲಿ ನೋಡೋಣ' ಅನ್ನುತ್ತಿದ್ದೆ. ಇಲ್ಲಿ ಆ ಉಪಾಯ ನಡೆಯಲಿಲ್ಲ.

ಕತ್ತರಿಸಿದ ಹೃದಯ

ಮಗುವನ್ನು ಒಪ್ಪಿಸುವಾಗ ತಾಯಂದಿರು ಒಂದು ಗುರುತು ಬಿಡುತ್ತಿದ್ದರು. ಗೀರು ಹಾಕಿದ ನಾಣ್ಯ, ರಿಬ್ಬನ್ನು, ಬಟ್ಟೆಯ ಚೂರು. ಎಂದಾದರೂ ಕಾಲ ಕೂಡಿಬಂದು ಮಗುವನ್ನು ಕರೆದೊಯ್ಯಲು ಬಂದರೆ ಇದೇ ತನ್ನ ಮಗು ಎಂದು ತೋರಿಸಲು ಅದು ಬೇಕಿತ್ತು. ಒಳಗೆ ಮಗುವಿಗೆ ಹೊಸ ಹೆಸರಿಡುತ್ತಿದ್ದರು. ಗುರುತನ್ನು ಕಾಗದಪತ್ರಗಳ ಜೊತೆ ಕಟ್ಟಿಡುತ್ತಿದ್ದರು. ಮಗುವಿನ ಕೈಗೆ ಅದು ಸಿಗುತ್ತಿರಲಿಲ್ಲ.

1767ರಲ್ಲಿ ಬಂದ ಚಾರ್ಲ್ಸ್ ಎಂಬ ಕೂಸಿನದು ನನ್ನ ಮನಸ್ಸಿನಲ್ಲಿ ನಿಂತಿದೆ. ಅವನ ತಾಯಿ ಸಾರಾ ಬೆಂಡರ್, ನಮ್ಮ ಕೌದಿಯ ಹಾಗೆ ಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿದು, ಮೇಲೆ ಕೆಂಪು ದಾರದಲ್ಲಿ ಹೃದಯದ ಕಸೂತಿ ಹಾಕಿದ್ದಳು. ಅದನ್ನು ನಡುವೆ ಕತ್ತರಿಸಿ ಅರ್ಧ ಮಗುವಿನ ಜೊತೆ ಬಿಟ್ಟಳು, ಅರ್ಧ ತಾನಿಟ್ಟುಕೊಂಡಳು. ಎಂಟು ವರ್ಷ ಕಳೆದ ಮೇಲೆ, 1775ರಲ್ಲಿ, ತನ್ನ ಅರ್ಧವನ್ನು ಹಿಡಿದು ಬಂದಳು. ಎರಡೂ ತುಂಡು ಕೂಡಿದವು. ಬೆಂಜಮಿನ್ ಎಂಬ ಹೊಸ ಹೆಸರಿನಲ್ಲಿ ಬೆಳೆಯುತ್ತಿದ್ದ ಹುಡುಗ ಅಮ್ಮನ ಜೊತೆ ಮನೆಗೆ ಹೋದ.

"ಹಾಗಾದರೆ ಎಲ್ಲ ಅಮ್ಮಂದಿರೂ ಬಂದರಲ್ಲ!" ಎಂದ ಪುಟ್ಟ.

ಇಲ್ಲ. 1741ರಿಂದ 1760ರವರೆಗೆ ಅಲ್ಲಿಗೆ ಸೇರಿದ ಮಕ್ಕಳು 16,282. ಅಮ್ಮಂದಿರು ಮರಳಿ ಕರೆದೊಯ್ದದ್ದು 152 ಮಕ್ಕಳನ್ನು. ಹೇಳಲೋ ಬೇಡವೋ ಎಂದುಕೊಳ್ಳುತ್ತಲೇ ಹೇಳಿದೆ. ಅವನು ಬಹಳ ಹೊತ್ತು ನನ್ನ ಸೆರಗಿನ ತುದಿಯನ್ನು ಹಿಡಿದುಕೊಂಡೇ ಇದ್ದ.

ಅನಾಥಾಲಯ 1926ರಲ್ಲಿ ಲಂಡನ್ನಿನಿಂದ ಹೊರಗೆ ಸ್ಥಳಾಂತರವಾಯಿತು. ಕಟ್ಟಡವನ್ನು ಕೆಡವಿದರು. ಆ ಜಾಗ ಮಕ್ಕಳಿಗೇ ಉಳಿಯಬೇಕು ಎಂದು ಸುತ್ತಲಿನ ಜನ ಹಟ ಹಿಡಿದರು, ಹಣ ಕೂಡಿಸಿದರು. ಇಂದಿಗೂ ಅಲ್ಲಿ ಮಕ್ಕಳದೇ ರಾಜ್ಯ.

ಕಳ್ಳ ಹುಡುಗರು ಹುಟ್ಟಿದ ಮನೆ

ಬಯಲಿನ ಪೂರ್ವಕ್ಕೆ ಡೌಟಿ ರಸ್ತೆ. ಅದರ 48ನೇ ನಂಬರಿನ ಮನೆಗೆ 1837ರಲ್ಲಿ ಬಾಡಿಗೆಗೆ ಬಂದ ಯುವಕ ಚಾರ್ಲ್ಸ್ ಡಿಕನ್ಸ್. 'ಆಲಿವರ್ ಟ್ವಿಸ್ಟ್' ಕಾದಂಬರಿ ಮುಗಿದದ್ದು ಇಲ್ಲಿಯೇ. ಅನಾಥ ಹುಡುಗನೊಬ್ಬ ಜೇಬುಗಳ್ಳರ ಗುಂಪಿಗೆ ಸಿಕ್ಕಿಬೀಳುವ ಕಥೆ ಅದು. ಆ ಕಾಲದ ಲಂಡನ್ನಿನಲ್ಲಿ ಹೊಟ್ಟೆಪಾಡಿಗೆ ಕದಿಯುವ ಮಕ್ಕಳು ನಿಜವಾಗಿಯೂ ಇದ್ದರು. ಸಿಕ್ಕಿಬಿದ್ದ ಮಕ್ಕಳನ್ನು ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿದ್ದೂ ಉಂಟು.

ಡಿಕನ್ಸನಿಗೆ ಈ ಮಕ್ಕಳ ಕಷ್ಟ ಪುಸ್ತಕದಿಂದ ತಿಳಿದದ್ದಲ್ಲ. ಸಾಲ ತೀರಿಸಲಾಗದೆ ಅಪ್ಪ ಜೈಲು ಸೇರಿದಾಗ, ಹನ್ನೆರಡು ವರ್ಷದ ಹುಡುಗ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ. ಮುಂದೆ ಫೌಂಡ್ಲಿಂಗ್ ಆಸ್ಪತ್ರೆಯ ಪ್ರಾರ್ಥನಾ ಮಂದಿರದಲ್ಲಿ ಅವನು ತನ್ನದೊಂದು ಆಸನವನ್ನು ಇರಿಸಿಕೊಂಡಿದ್ದ.

ಅಲ್ಲಿಂದ ಸ್ವಲ್ಪ ದೂರದ ಗ್ರೇಟ್ ಆರ್ಮಂಡ್ ರಸ್ತೆಯಲ್ಲಿ 1852ರಲ್ಲಿ ಹತ್ತೇ ಹಾಸಿಗೆಗಳ ಮಕ್ಕಳ ಆಸ್ಪತ್ರೆ ಶುರುವಾಯಿತು. ಹಣದ ಮುಗ್ಗಟ್ಟು ಬಂದಾಗ ಡಿಕನ್ಸ್ ತನ್ನ ಕಥೆಗಳನ್ನು ಜನರ ಮುಂದೆ ಓದಿ ನೆರವಾದ. 1929ರಲ್ಲಿ ಇನ್ನೊಬ್ಬ ಲೇಖಕ ಜೆ.ಎಂ. ಬ್ಯಾರಿ, ತನ್ನ 'ಪೀಟರ್ ಪ್ಯಾನ್' ನಾಟಕದ ಹಕ್ಕುಗಳನ್ನೇ ಆ ಆಸ್ಪತ್ರೆಗೆ ಬರೆದುಕೊಟ್ಟ. ಎಂದೂ ದೊಡ್ಡವನಾಗದ ಪೀಟರ್‌ನ ದುಡಿಮೆ, ಕಾಯಿಲೆಯ ಮಕ್ಕಳು ಗುಣವಾಗಿ ದೊಡ್ಡವರಾಗಲು ಖರ್ಚಾಗುತ್ತಿದೆ!

ಮೂವತ್ತನೇ ನಂಬರಿನ ಬಸ್ಸು

ಮನೆಯಿಂದ ತಂದ ಚಿತ್ರಾನ್ನ ತಿಂದು ಟ್ಯಾವಿಸ್ಟಾಕ್ ಸ್ಕ್ವೇರಿಗೆ ನಡೆದೆವು. ಮರಗಳ ನಡುವೆ ಪದ್ಮಾಸನ ಹಾಕಿ ಕುಳಿತ ಗಾಂಧೀಜಿಯ ಪ್ರತಿಮೆ, 1968ರಲ್ಲಿ ಸ್ಥಾಪಿಸಿದ್ದು. ಕಾನೂನು ಓದಲು ಬಂದ ಗಾಂಧೀಜಿ ಪಾಠ ಕೇಳಿದ ಯೂನಿವರ್ಸಿಟಿ ಕಾಲೇಜು ಇಲ್ಲಿಗೆ ಹತ್ತಿರ. ಅದೇ ಉದ್ಯಾನದಲ್ಲಿ ಹಿರೋಷಿಮಾದ ನೆನಪಿಗೆ ನೆಟ್ಟ ಚೆರಿ ಮರವಿದೆ. ಲೇಖಕಿ ವರ್ಜೀನಿಯಾ ವೂಲ್ಫ್ ಹದಿನೈದು ವರ್ಷ ಬಾಳಿದ ಮನೆಯೂ ಇದೇ ಚೌಕದಲ್ಲಿತ್ತು. 1940ರಲ್ಲಿ ಜರ್ಮನ್ ಬಾಂಬಿಗೆ ಅದು ನೆಲಸಮವಾಯಿತು.

ಇಷ್ಟೆಲ್ಲ ಶಾಂತಿಯ ಗುರುತುಗಳ ಎದುರಿಗೇ, 2005ರ ಜುಲೈ 7ರ ಬೆಳಗ್ಗೆ, ಮೂವತ್ತನೇ ನಂಬರಿನ ಬಸ್ಸಿನಲ್ಲಿ ಭಯೋತ್ಪಾದಕನೊಬ್ಬ ಬಾಂಬ್ ಸಿಡಿಸಿದ. ಸುರಂಗ ರೈಲುಗಳಲ್ಲಿ ಆಗಲೇ ಬಾಂಬ್ ಸಿಡಿದು ರಸ್ತೆಗಳು ಮುಚ್ಚಿದ್ದರಿಂದ ಆ ಬಸ್ಸು ದಿನದ ದಾರಿ ಬಿಟ್ಟು ಇತ್ತ ಬಂದಿತ್ತು. ಬಸ್ಸಿನ ದಾಳಿಗೆ ಬಲಿಯಾದವರು ಹದಿಮೂರು ಜನ. ಸ್ಫೋಟವಾದದ್ದು ವೈದ್ಯರ ಸಂಘದ ಕಟ್ಟಡದ ಮುಂದೆಯೇ. ಒಳಗಿದ್ದ ವೈದ್ಯರು ಓಡಿ ಬಂದು ಗಾಯಾಳುಗಳ ಆರೈಕೆಗೆ ನಿಂತರು.

ಸ್ಮಾರಕದ ಮೇಲಿನ ಹೆಸರುಗಳನ್ನು ಪುಟ್ಟ ಒಂದೊಂದಾಗಿ ಓದಿದ. "ಅಮ್ಮ ದಿನಾ ಬಸ್ಸಲ್ಲೇ ಅಲ್ವಾ ಆಫೀಸಿಗೆ ಹೋಗೋದು?" ಎಂದ. ನಾನು ಅವನ ಭುಜ ಹಿಡಿದುಕೊಂಡು "ಆ ದಿನ ಸಹಾಯಕ್ಕೆ ಓಡಿ ಬಂದವರು ಎಷ್ಟು ಜನ ನೋಡು" ಎಂದೆ. ಅದು ಸುಳ್ಳಲ್ಲ. ಪೂರ್ತಿ ಉತ್ತರವೂ ಅಲ್ಲ.

ಮರಗಳಾಚೆ ಸೆನೆಟ್ ಹೌಸ್ ಎಂಬ ಬಿಳಿಯ ಎತ್ತರದ ಕಟ್ಟಡ. ಎರಡನೇ ಮಹಾಯುದ್ಧದಲ್ಲಿ ಅಲ್ಲಿ ಸರ್ಕಾರದ ಮಾಹಿತಿ ಸಚಿವಾಲಯವಿತ್ತು. ಯಾವ ಸುದ್ದಿ ಜನರಿಗೆ ಮುಟ್ಟಬೇಕು, ಯಾವುದು ಮುಟ್ಟಬಾರದು ಎಂದು ನಿರ್ಧರಿಸುವ ಕೆಲಸ ಅದರದು. ಜಾರ್ಜ್ ಆರ್ವೆಲ್ ತನ್ನ '1984' ಕಾದಂಬರಿಯ, ಸುಳ್ಳನ್ನೇ ತಯಾರಿಸುವ 'ಸತ್ಯ ಸಚಿವಾಲಯ'ಕ್ಕೆ ಇದೇ ಕಟ್ಟಡದ ರೂಪ ಕೊಟ್ಟ. ಅದನ್ನು ನೋಡುತ್ತ ನನಗನ್ನಿಸಿತು, ಮಕ್ಕಳಿಗೆ ಯಾವುದನ್ನು ಹೇಳಬೇಕು, ಯಾವುದನ್ನು ಮುಚ್ಚಿಡಬೇಕು ಎನ್ನುವ ಇಂಥದೊಂದು ಸಚಿವಾಲಯ ಪ್ರತಿ ಅಜ್ಜಿಯೊಳಗೂ ಇರುತ್ತದೆ.

ಶ್ರೀರಂಗಪಟ್ಟಣದ ನಂಟು

ಪಕ್ಕದ ಗೋರ್ಡನ್ ಸ್ಕ್ವೇರಿನಲ್ಲಿ ಒಬ್ಬ ಯುವತಿಯ ಕಂಚಿನ ಪ್ರತಿಮೆ ಇದೆ. ಕೆಳಗಿನ ಹೆಸರು ನೂರ್ ಇನಾಯತ್ ಖಾನ್. ಓದಿಕೊಂಡು ನಿಂತವಳಿಗೆ ಮೈ ಜುಮ್ಮೆಂದಿತು.

ನೂರ್ 1914ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವಳು. ತಾಯಿ ಅಮೆರಿಕದವಳು. ತಂದೆ ಇನಾಯತ್ ಖಾನ್ ಸಂಗೀತಗಾರ, ಸೂಫಿ ಗುರು. ಆ ತಂದೆಯ ತಾತ ಮೌಲಾ ಬಕ್ಷ್, ಮೈಸೂರು ಆಸ್ಥಾನದಲ್ಲಿ ಮನ್ನಣೆ ಪಡೆದು ಮುಂದೆ ಬರೋಡಾದಲ್ಲಿ ನೆಲೆಸಿದ ಸಂಗೀತಗಾರ. ಅವರ ಪತ್ನಿ ಟಿಪ್ಪು ಸುಲ್ತಾನನ ವಂಶದವರು ಎಂದು ಆ ಕುಟುಂಬದ ಚರಿತ್ರೆ ಹೇಳುತ್ತದೆ. ಅಂದರೆ ನಮ್ಮೂರಿನ ಕೋಟೆಯ ನಂಟು!

ನೂರ್ ವೀಣೆ ನುಡಿಸುತ್ತಿದ್ದಳು, ಮಕ್ಕಳಿಗಾಗಿ ಕಥೆ ಬರೆಯುತ್ತಿದ್ದಳು. 1939ರಲ್ಲಿ ಬಂದ ಅವಳ ಪುಸ್ತಕದಲ್ಲಿ ಬುದ್ಧನ ಹಿಂದಿನ ಜನ್ಮಗಳ ಇಪ್ಪತ್ತು ಜಾತಕ ಕಥೆಗಳಿವೆ. ತನ್ನ ಹಿಂಡನ್ನು ಉಳಿಸಲು ಮೈಯನ್ನೇ ಸೇತುವೆಯಾಗಿ ಚಾಚಿದ ಕಪಿರಾಜನ ಕಥೆಯೂ ಅದರಲ್ಲಿದೆ. ಮರುವರ್ಷ ಹಿಟ್ಲರನ ಸೇನೆ ಪ್ಯಾರಿಸಿಗೆ ನುಗ್ಗಿತು. ಅಲ್ಲಿದ್ದ ನೂರ್ ಮನೆಯವರೊಂದಿಗೆ ಇಂಗ್ಲೆಂಡಿಗೆ ಬಂದಳು. ಅಹಿಂಸೆಯನ್ನು ಕಲಿತು ಬೆಳೆದ ಹುಡುಗಿ, ಸುಮ್ಮನೆ ಕೂರಲಾರದೆ ವಾಯುಸೇನೆಯ ಮಹಿಳಾ ವಿಭಾಗ ಸೇರಿ ವೈರ್‌ಲೆಸ್ ಕಲಿತಳು.

1943ರ ಜೂನ್‌ನಲ್ಲಿ ಅವಳನ್ನು ರಹಸ್ಯವಾಗಿ ಫ್ರಾನ್ಸಿಗೆ ಕಳಿಸಿದರು. ಜರ್ಮನರು ಆಕ್ರಮಿಸಿದ್ದ ಫ್ರಾನ್ಸಿಗೆ ಹೀಗೆ ಹೋದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ಅವಳೇ. ಕೆಲವೇ ದಿನಗಳಲ್ಲಿ ಅವಳ ಗುಂಪಿನವರೆಲ್ಲ ಸಿಕ್ಕಿಬಿದ್ದರು. ವಾಪಸು ಬಾ ಎಂದರೂ ಅವಳು ಬರಲಿಲ್ಲ. ವೈರ್‌ಲೆಸ್ ಪೆಟ್ಟಿಗೆ ಹೊತ್ತು ಮನೆಯಿಂದ ಮನೆಗೆ ಬದಲಾಯಿಸುತ್ತ ಸುದ್ದಿ ಕಳಿಸಿದಳು. ಅಕ್ಟೋಬರ್‌ನಲ್ಲಿ ಯಾರೋ ದ್ರೋಹ ಮಾಡಿದರು. ಎರಡು ಬಾರಿ ತಪ್ಪಿಸಿಕೊಳ್ಳಲು ನೋಡಿದಳು. ತಿಂಗಳುಗಟ್ಟಲೆ ಸರಪಳಿಯಲ್ಲಿಟ್ಟರು. 1944ರ ಸೆಪ್ಟೆಂಬರ್ 13ರಂದು ಡಖಾವ್ ಶಿಬಿರದಲ್ಲಿ ಇನ್ನೂ ಮೂವರು ಮಹಿಳೆಯರ ಜೊತೆ ಅವಳನ್ನು ಕೊಂದರು. ಆಗ ಅವಳಿಗೆ ಮೂವತ್ತು ವರ್ಷ. 1949ರಲ್ಲಿ ಬ್ರಿಟನ್ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪದಕ ನೀಡಿತು. ಈ ಪ್ರತಿಮೆ ಬಂದದ್ದು 2012ರಲ್ಲಿ. ಹತ್ತಿರದ ಟ್ಯಾವಿಟನ್ ರಸ್ತೆಯ ಅವಳ ಮನೆಗೆ 2020ರಲ್ಲಿ ನೀಲಿ ಫಲಕವೂ ಬಂತು.

ಪ್ರತಿ ಡಿಸೆಂಬರಿನಲ್ಲಿ ನಾನು ಶಾಲೆಯ ಮಕ್ಕಳನ್ನು ದರಿಯಾ ದೌಲತ್‌ಗೂ ಗುಂಬಜ್‌ಗೂ ಸಾಲಾಗಿ ಕರೆದೊಯ್ದವಳು. ಕಪಿರಾಜನ ಕಥೆಯನ್ನೂ ಎಷ್ಟೋ ತರಗತಿಗೆ ಹೇಳಿದವಳು. ಆದರೆ ನೂರ್ ಹೆಸರನ್ನು ಒಂದು ಮಗುವಿಗೂ ಹೇಳಲಿಲ್ಲ. ಹೇಳಲು ನನಗೇ ಗೊತ್ತಿರಲಿಲ್ಲ.

"ಅವಳಿಗೆ ಏನಾಯ್ತು ಅಜ್ಜಿ?" ಎಂದ ಪುಟ್ಟ. ನನ್ನೊಳಗಿನ ಸಚಿವಾಲಯ ಒಂದು ಕ್ಷಣ ಕೆಲಸ ಮಾಡಿತು. ಆಮೇಲೆ ಬೆಂಚಿನ ಮೇಲೆ ಕೂತು ಅಷ್ಟನ್ನೂ ಹೇಳಿದೆ. ಸರಪಳಿಯನ್ನೂ, ಕೊನೆಯನ್ನೂ. ಅವನು ಅಳಲಿಲ್ಲ. ಪ್ರತಿಮೆಯ ಹತ್ತಿರ ಹೋಗಿ, ಕೆಳಗೆ ಬಿದ್ದಿದ್ದ ಒಣ ಎಲೆಗಳನ್ನು ಕೈಯಿಂದ ಸರಿಸಿ ಬಂದ.

ಅಷ್ಟು ಹೊತ್ತಿಗೆ ಬ್ರಿಟಿಷ್ ಮ್ಯೂಸಿಯಂ ಮುಚ್ಚಿತ್ತು. ನನಗೇನೂ ಬೇಸರವಾಗಲಿಲ್ಲ. ನೀವು ಲಂಡನ್ನಿಗೆ ಹೋದರೆ ಮಮ್ಮಿಗಳನ್ನು ಖಂಡಿತ ನೋಡಿ. ಆದರೆ ಬ್ಲೂಮ್ಸ್‌ಬರಿಗಾಗಿ ಇನ್ನೊಂದು ದಿನವನ್ನು ಎತ್ತಿಡಿ, ಜೊತೆಯಲ್ಲಿ ಮಗುವೊಂದಿರಲಿ. ಅಲ್ಲಿ ಅದೇ ಟಿಕೆಟ್ಟು.

ಆ ರಾತ್ರಿ ಮಲಗುವಾಗ ಪುಟ್ಟ ಕೇಳಿದ್ದು ಕಪಿರಾಜನ ಕಥೆ. ಹೇಳಿದೆ. ಕಪಿಗಳೆಲ್ಲ ದಾಟಿದ ಮೇಲೆ ಸೇತುವೆಯಾದ ರಾಜ ಏನಾದ ಎಂಬುದನ್ನು ನಾನು ಶಾಲೆಯಲ್ಲಿ ಸದಾ ಬೇಗಬೇಗ ಹೇಳಿ ಮುಗಿಸುತ್ತಿದ್ದೆ. ಈ ಸಲ ನಿಧಾನವಾಗಿ ಹೇಳಿದೆ. ಅವನು ಕೊನೆಯವರೆಗೂ ಎಚ್ಚರವಾಗಿದ್ದು ಕೇಳಿದ.